ಲೋಹಿತಾಳ ಗುಂಡಿ ಲೆಕ್ಕ

ಗಣಿತ ಮೇಷ್ಟ್ರುಗಳನ್ನೆಲ್ಲ ಒಂದು ಹಾಲಿನಲ್ಲಿ ಕೂರಿಸಿ ‘ನೀವೇ ಪಾಠ ತಯಾರಿಸಿ, ಎಲ್ಲರಿಗೂ ಹಂಚಿ’ ಎಂದರೆ ಏನಾಗುತ್ತದೆ ಎಂದು ನೋಡಬೇಕಿದ್ದವರು ಮಧುಗಿರಿಗೆ ಬರಬೇಕಿತ್ತು. ನಾನು ಹೋಗಿದ್ದೆ. ಆ ಹೇಸಿಗೆ ಇನ್ನೂ ನಾಲಿಗೆಯಿಂದ ಹೋಗಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳದೆ ಇದ್ದರೆ ಊಟ ರುಚಿಸುವುದಿಲ್ಲ ಎಂದು ಹೇಳುತ್ತಿದ್ದೇನೆ.

ನಾನು ಜ್ಯೋತಿಲಕ್ಷ್ಮಿ. ಹುಟ್ಟಿದ್ದು ಶಿರಾ, ಕೆಲಸ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯಿಂದಾಚೆ ಇರುವ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಗಣಿತದ ಟೀಚರು. ನಮ್ಮ ಶಾಲೆಯ ಕಾಂಪೌಂಡಿನಿಂದ ಒಂದು ಕಡೆ ನೋಡಿದರೆ ಸೋಲಾರ್ ಪಾರ್ಕು, ಇನ್ನೊಂದು ಕಡೆ ಆಂಧ್ರ. ಮಕ್ಕಳಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ತೆಲುಗು ಮಾತಾಡಿ, ಶಾಲೆಗೆ ಬಂದು ಕನ್ನಡದಲ್ಲಿ ಪಾಸಾಗಬೇಕಾದವರು.

ಎರಡು ವರ್ಷದ ಹಿಂದೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಗಣಿತ ಶಿಕ್ಷಕರೆಲ್ಲ ಸೇರಿ ಒಂದು ಜಾಲತಾಣ ಮಾಡೋಣ ಎಂದು ಹೊರಟರು. ‘ಗಣಿತದ ಬುತ್ತಿ’ ಎಂದು ಹೆಸರು. ಪಾಠ, ವಿಡಿಯೊ, ಆಟ, ಏನು ಮಾಡಿದರೂ ಅದಕ್ಕೆ ಹಾಕುವುದು. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ತಮ್ಮ ಮಕ್ಕಳಿಗೆ ಒಗ್ಗುವ ಹಾಗೆ ತಿದ್ದಬಹುದು, ತಿದ್ದಿದ್ದನ್ನು ಮತ್ತೆ ಹಂಚಬಹುದು. ಮೂಲದವರ ಹೆಸರೊಂದನ್ನು ಉಳಿಸಿದರೆ ಆಯಿತು. ಮುಕ್ತ ಸಂಪನ್ಮೂಲ ಎನ್ನುವುದು ಇದನ್ನೇ. ನನಗೆ ಇದು ಬಹಳ ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಪಠ್ಯಪುಸ್ತಕ ಬರೆದವರು ನಮ್ಮ ಮಕ್ಕಳನ್ನು ಕನಸಿನಲ್ಲೂ ಕಂಡವರಲ್ಲ. ನಾವೇ ಬರೆದುಕೊಂಡರೆ ತಪ್ಪೇನು?

ತಪ್ಪು ಯಾವುದರಲ್ಲಿ ಎಂದರೆ, ಯಾವ ತಾಲ್ಲೂಕು ಹೆಚ್ಚು ಹಾಕಿದೆ ಎಂದು ತಿಂಗಳು ತಿಂಗಳು ಸಭೆಯಲ್ಲಿ ಓದಲು ಶುರು ಮಾಡಿದರು. ಅಲ್ಲಿಗೆ ಮುಗಿಯಿತು. ಕೊರಟಗೆರೆಯ ಒಬ್ಬರು ಗೊರವನಹಳ್ಳಿ ದೇವಸ್ಥಾನದಲ್ಲಿ ಜನ ಸಾಲು ನಿಂತ ಫೋಟೊ ಹಾಕಿ ‘ಸಮಾಂತರ ಶ್ರೇಢಿಗೆ ಜೀವಂತ ಉದಾಹರಣೆ’ ಎಂದು ಬರೆದರು. ಇನ್ಯಾರೋ ತ್ರಿಭುಜದ ಅಭ್ಯಾಸ ಹಾಳೆಯೊಂದನ್ನು ಹಾಕಿದರು. ಅದನ್ನು ಮಧುಗಿರಿಯವರು ಎತ್ತಿಕೊಂಡು ಮೇಲೆ ತಮ್ಮ ಫೋಟೊ ಅಂಟಿಸಿದರು, ಶಿರಾದವರು ಆ ಫೋಟೊ ಕಿತ್ತು ತಮ್ಮದು ಅಂಟಿಸಿ ಪಕ್ಕದಲ್ಲಿ ಗುಲಾಬಿ ಹೂ ಇಟ್ಟು ಶುಭೋದಯ ಎಂದರು, ನಮ್ಮ ಪಾವಗಡದವರು ಗುಲಾಬಿ ಉಳಿಸಿಕೊಂಡು ಹೆಸರು ಬದಲಾಯಿಸಿದರು. ಆ ಹಾಳೆಯ ತ್ರಿಭುಜದಲ್ಲಿ ಮೂರು ಕೋನ ಕೂಡಿದರೆ ನೂರ ತೊಂಬತ್ತು ಡಿಗ್ರಿ ಬರುತ್ತಿತ್ತು. ನಾಲ್ಕು ತಾಲ್ಲೂಕು ಸುತ್ತಿ ಬಂದರೂ ಒಬ್ಬ ಗಣಿತದ ಮೇಷ್ಟ್ರೂ ಕೂಡಿ ನೋಡಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ.

ಇದೆಲ್ಲ ನಗುವ ವಿಷಯ. ನಕ್ಕು ಸುಮ್ಮನಾಗುತ್ತಿದ್ದೆ. ಲೋಹಿತಾಳ ವಿಷಯ ಹಾಗಲ್ಲ.

ಲೋಹಿತಾ ಎಂಟನೆಯ ತರಗತಿಗೆ ನಮ್ಮಲ್ಲಿಗೆ ಸೇರಿದ ಹುಡುಗಿ. ಅಪ್ಪ ಓಬಳಯ್ಯ ಸೋಲಾರ್ ಪಾರ್ಕಿನಲ್ಲಿ ಬೇಲಿ ಕಂಬಕ್ಕೆ ಗುಂಡಿ ತೋಡುವುದು, ಹುಲ್ಲು ಕೀಳುವುದು, ಪ್ಯಾನೆಲ್ಲು ತೊಳೆಯುವುದು ಮಾಡುತ್ತಾನೆ. ಹಿಂದಿನ ಶಾಲೆಯಲ್ಲಿ ಯಾವನೋ ಮೇಷ್ಟ್ರು ಇವಳ ತೆಲುಗು ಬೆರೆತ ಕನ್ನಡವನ್ನು ಇಡೀ ಕ್ಲಾಸಿನೆದುರು ಅಣಕಿಸಿ ತೋರಿಸಿದ್ದನಂತೆ. ಅವತ್ತಿನಿಂದ ಹುಡುಗಿ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಹಾಜರಿ ಕೂಗಿದರೂ ಕೈ ಎತ್ತುತ್ತಿದ್ದಳು, ಅಷ್ಟೆ. ಜೊತೆಯವರು ಮೂಗಿ ಎಂದೇ ಕರೆಯುತ್ತಿದ್ದರು. ಬರೆದು ಕೊಟ್ಟ ಲೆಕ್ಕ ಮಾತ್ರ ಎಲ್ಲ ಸರಿ.

ಒಂದು ದಿನ ಋಣ ಸಂಖ್ಯೆಯ ಪಾಠ. ಎರಡರಲ್ಲಿ ಮೈನಸ್ ಮೂರನ್ನು ಕಳೆ ಎಂದರೆ ಐದು ಹೇಗೆ ಬರುತ್ತದೆ ಎಂದು ಹೇಳಬೇಕು. ಸಂಖ್ಯಾರೇಖೆ ಎಳೆದೆ, ಆಚೆ ಹೋದೆ, ಈಚೆ ಬಂದೆ, ನನಗೇ ತಲೆ ತಿರುಗಿತು. ಮಕ್ಕಳು ‘ಮೈನಸ್ಸು ಮೈನಸ್ಸು ಪ್ಲಸ್ಸು’ ಎಂದು ಭಜನೆ ಮಾಡಿದರು. ಯಾಕ್ರೋ ಪ್ಲಸ್ಸು ಎಂದು ಕೇಳಿದರೆ ಎಲ್ಲರೂ ಸೂರು ನೋಡಿದರು. ಆಗ ಕಿಟಕಿ ಪಕ್ಕದಿಂದ ಯಾರೋ ಗೊಣಗಿದ ಹಾಗೆ ಕೇಳಿಸಿತು.

“ಗುಂಟ ತೀಸೇಯಾಲಂಟೇ ಮಟ್ಟಿ ತೇವಾಲ ಗದಾ.”

ಗುಂಡಿ ತೆಗೆದುಹಾಕಬೇಕು ಅಂದರೆ ಮಣ್ಣು ತರಬೇಕಲ್ಲವಾ ಎಂದು. ಲೋಹಿತಾ. ನಾನು ಸೀಮೆಸುಣ್ಣ ಕೆಳಗಿಟ್ಟು ಇಡೀ ಕ್ಲಾಸನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಮಣ್ಣಿನ ಮೇಲೆ ಅವಳನ್ನು ಕೂರಿಸಿ, ತೋರಿಸು ತಾಯಿ ಅಂದೆ. ಅವಳು ತಲೆ ಎತ್ತಲಿಲ್ಲ, ಆದರೆ ಕೈ ಆಡತೊಡಗಿತು, ಕೈಯ ಹಿಂದೆ ಮಾತೂ ಬಂತು.

“ಇದು ಗುಡ್ಡೆ ಮಿಸ್, ಪ್ಲಸ್ಸು. ಇದು ಗುಂಟ, ಮೈನಸ್ಸು. ಒಂದು ಗುಡ್ಡೆ ಎತ್ತಿ ಒಂದು ಗುಂಟದಾಗೆ ಹಾಕಿದ್ರೆ ನೆಲ ಸಮ. ಅದೇ ಸೊನ್ನೆ. ಈಗ ಗುಂಟ ತೆಗ್ದಾಕು ಅಂದ್ರೆ ಹೆಂಗ್ ತೆಗ್ದಾಕ್ತೀರಾ? ಎತ್ತಿ ಎಸೆಯಾಕೆ ಅದೇನು ಕಲ್ಲಾ? ಒಂದ್ ಮಂಕರಿ ಮಣ್ಣು ತಂದು ಸುರೀಬೇಕು. ಮೂರು ಗುಂಟ ತೆಗ್ದಾಕು ಅಂದ್ರೆ ಮೂರು ಮಂಕರಿ ತರ್ಬೇಕು. ತೀಸೇಯಡಮಂಟೇ ತೇವಡಮೇ ಗದಾ ಮಿಸ್.”

ತೆಗೆಯುವುದು ಎಂದರೆ ತರುವುದೇ ಅಲ್ಲವಾ! ಹತ್ತೊಂಬತ್ತು ವರ್ಷ ಇದೇ ಪಾಠ ಮಾಡಿದ ನನಗೆ ಇಷ್ಟು ಸಲೀಸಾಗಿ ಒಂದು ದಿನವೂ ಹೇಳಲು ಬಂದಿರಲಿಲ್ಲ. ಅಪ್ಪ ಕಂಬದ ಗುಂಡಿ ತೋಡುವುದನ್ನು, ತಪ್ಪು ಜಾಗದ ಗುಂಡಿಗೆ ಎಲ್ಲಿಂದಲೋ ಮಣ್ಣು ಹೊತ್ತು ತಂದು ಮುಚ್ಚುವುದನ್ನು ಅವಳು ನೋಡಿದ್ದಳು. ಹಿಂದಿನ ಬೆಂಚಿನವರಿಗೂ ಅವತ್ತು ಲೆಕ್ಕ ತಲೆಗೆ ಹೋಯಿತು.

ಇನ್ನೊಮ್ಮೆ ಮಾಡಿಸಿ ಫೋನಿನಲ್ಲಿ ಹಿಡಿದೆ. “ಮುಖ ಬ್ಯಾಡ ಮಿಸ್” ಎಂದಳು. ಸರಿ, ಬರೀ ಕೈ ಮತ್ತು ಮಾತು. ಸಂಜೆ ಅವಳ ಅಪ್ಪನನ್ನು ಕರೆಸಿ, ಇದನ್ನು ಎಲ್ಲ ಶಾಲೆಗೂ ಹಂಚಬಹುದಾ ಎಂದು ಕೇಳಿದೆ.

“ನಮ್ ಪಾಪನ್ ಮಾತು ನಾಲ್ಕು ತಾಲೂಕಿನೋರು ಕೇಳ್ತಾರಾ ಮೇಡಂ?” ಎಂದ ಓಬಳಯ್ಯ.

“ಕೇಳ್ತಾರೆ ಕಣಪ್ಪ. ಇವಳ ಮಾತನ್ನೇ ಕೇಳ್ತಾರೆ” ಎಂದೆ.

ಅದಾದ ಮೇಲೆ ಲೋಹಿತಾ ಬದಲಾದಳು. ಹಾಜರಿಗೆ ‘ಎಸ್ ಮಿಸ್’ ಎನ್ನತೊಡಗಿದಳು. ಪಕ್ಕದಲ್ಲಿ ಕೂರುವ ಶೃತಿಯ ಜೊತೆ ಲೆಕ್ಕದ ಮೇಲೆ ಜಗಳ ಆಡಿದಳು. ಒಂದು ಸಲ ಬೋರ್ಡಿನ ಮೇಲಿನ ನನ್ನ ತಪ್ಪನ್ನು ಕೂತಲ್ಲಿಂದಲೇ ಕೂಗಿ ಹೇಳಿದಳು, ಅರ್ಧ ತೆಲುಗಿನಲ್ಲಿ. ಯಾರೂ ನಗಲಿಲ್ಲ. ಈ ವಿಡಿಯೊ ಹೊರಗೆ ಬಂದು ನಾಲ್ಕೂರಿನವರು ಅವಳ ಮಾತು ಕೇಳಿದರೆ ಆ ಬಾಯಿಯನ್ನು ಇನ್ನು ಯಾವನೂ ಮುಚ್ಚಿಸಲಾರ ಎಂದು ನನಗೆ ಖಾತ್ರಿಯಿತ್ತು. ಗಣಿತದ ಬುತ್ತಿ ಉಳಿಯಲಿ, ಮುಳುಗಲಿ, ನನಗೆ ಬೇಕಾಗಿದ್ದದ್ದು ಅಷ್ಟೇ.

ಬುತ್ತಿಯ ಯಜಮಾನಿಕೆ ಮಧುಗಿರಿಯ ರೇಣುಕಪ್ರಸಾದ್ ಅವರದು. ಅವರೂ ಗಣಿತದವರೇ, ಆದರೆ ಪಾಠ ಮಾಡಿ ಬಹಳ ಕಾಲವಾಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ನಾನು ವಿಡಿಯೊ ಬುತ್ತಿಗೆ ಏರಿಸಿದ ದಿನವೇ ನೋಡಿ ಫೋನ್ ಮಾಡಿದರು.

“ಅದ್ಭುತ ಮೇಡಂ. ಬುತ್ತಿಯ ಅಧಿಕೃತ ಉದ್ಘಾಟನೆಗೆ ಇದನ್ನೇ ಇಡೋಣ, ಅಲ್ಲಿವರೆಗೂ ಹೊರಗೆ ಬಿಡಲ್ಲ. ಎಲ್ಲಾ ಶಾಲೆಗೂ ಒಂದೇ ಸಲ ಲೈವ್ ಹೋಗುತ್ತೆ. ಭಾಷೆ ಒಂಚೂರು ಕ್ಲೀನ್ ಮಾಡಿಸಿಬಿಟ್ರೆ...”

“ಭಾಷೆ ಮುಟ್ಟಬೇಡಿ ಸಾರ್. ಆ ಪಾಠ ಇರೋದೇ ಆ ಮಾತಿನಲ್ಲಿ” ಎಂದೆ.

“ಆಯ್ತು ಮೇಡಂ, ನಿಮ್ಮ ಇಷ್ಟದಂಗೇ ಆಗ್ಲಿ” ಎಂದರು. ನಾನು ನಂಬಿದೆ.

ಉದ್ಘಾಟನೆಯ ದಿನ ನಮ್ಮ ಹೆಡ್ ಮಾಸ್ಟರ್ ತಿಮ್ಮರಾಜು ಅವರು ಸ್ಮಾರ್ಟ್ ಟೀವಿಯ ಧೂಳು ಒರೆಸಿ, ಅದರ ಮೂಲೆಗೆ ಕುಂಕುಮ ಇಟ್ಟು, ಮೂರೂ ಕ್ಲಾಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ತುಂಬಿದರು. ಓಬಳಯ್ಯ ಕೆಲಸಕ್ಕೆ ರಜಾ ಹಾಕಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂತ. ಲೋಹಿತಾ ಮುಂದೆ, ಶೃತಿಯ ಪಕ್ಕ. ಮಧುಗಿರಿಯಲ್ಲಿ ದೀಪ ಹಚ್ಚಿದರು, ಹಾರ ಹಾಕಿದರು, ಭಾಷಣದ ಮೇಲೆ ಭಾಷಣ. ಕೊನೆಗೆ ವಿಡಿಯೊ ಬಂತು.

ಲೋಹಿತಾಳದೇ ಕೈ. ಅವಳದೇ ಹಸಿರು ಬಳೆ. ನಮ್ಮದೇ ಮೈದಾನದ ಕೆಂಪು ಮಣ್ಣು. ಮಕ್ಕಳೆಲ್ಲ ಹೋ ಎಂದರು. ಆಮೇಲೆ ಮಾತು ಶುರುವಾಯಿತು.

“ಪ್ರಿಯ ವಿದ್ಯಾರ್ಥಿಗಳೇ, ಇಲ್ಲಿ ಕಾಣುತ್ತಿರುವ ತಗ್ಗನ್ನು ಋಣ ಪೂರ್ಣಾಂಕವೆಂದು ಭಾವಿಸೋಣ.”

ಯಾವಳೋ ಹುಡುಗಿಯ ದನಿ. ಮುದ್ದಾದ, ತೊಳೆದು ಇಸ್ತ್ರಿ ಮಾಡಿದ ಕನ್ನಡ. ಕೈ ಮಣ್ಣು ಹೊತ್ತು ತಂದು ಗುಂಡಿಗೆ ಸುರಿಯುತ್ತಿತ್ತು. ದನಿ ಮಾತ್ರ “ನಿಯಮದ ಪ್ರಕಾರ ಎರಡು ಋಣ ಚಿಹ್ನೆಗಳು ಸೇರಿ ಧನ ಚಿಹ್ನೆಯಾಗುತ್ತವೆ” ಎನ್ನುತ್ತಿತ್ತು. ಅದೇ ಭಜನೆ. ಭಾಷೆ ಕ್ಲೀನ್ ಮಾಡುವ ಭರದಲ್ಲಿ ಲೆಕ್ಕವನ್ನೇ ತೊಳೆದು ಚರಂಡಿಗೆ ಬಿಟ್ಟಿದ್ದರು. ತೆಗೆಯುವುದು ಅಂದರೆ ತರುವುದು ಎಂಬ ಆ ಒಂದು ಮಾತು ಎಲ್ಲಿಯೂ ಇರಲಿಲ್ಲ. ಕೊನೆಯಲ್ಲಿ ಅಕ್ಷರಗಳು ಮೇಲೆ ಹೋದವು. ಪರಿಕಲ್ಪನೆ, ರೇಣುಕಪ್ರಸಾದ್. ಧ್ವನಿ, ಕುಮಾರಿ ಭವ್ಯ. ಸಹಕಾರ ಎಂದು ಕೆಳಗೆಲ್ಲೋ ನನ್ನ ಹೆಸರು. ಲೋಹಿತಾಳದು ಇಲ್ಲ.

ನನಗೆ ಮೈಯೆಲ್ಲ ಉರಿಯಿತು. ಭವ್ಯ ಎಂದರೆ ರೇಣುಕಪ್ರಸಾದರ ಮಗಳು, ಮಧುಗಿರಿಯ ಕಾನ್ವೆಂಟಿನಲ್ಲಿ ಒಂಬತ್ತನೆಯ ಕ್ಲಾಸು. ಲೋಹಿತಾಳ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಓಬಳಯ್ಯ ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ. ಅವನಿಗೆ ಓದು ಬರುವುದಿಲ್ಲ. ಮುಖ ಅರಳಿತ್ತು. ಮಗಳ ತಲೆಯ ಮೇಲೆ ಕೈ ಇಟ್ಟು ಕೇಳಿದ.

“ಟೀವಿಲೋ ಗೊಂತು ಇಟ್ಲ ಮಾರಿಪೋತಾದಾ ಪಾಪಾ? ಎಂತಾ ಚೆಂದಾಗಿ ಮಾತಾಡಿದ್ದೀಯೇ.”

ಟೀವಿಯಲ್ಲಿ ದನಿ ಹೀಗೆ ಬದಲಾಗುತ್ತದಾ ಎಂದು. ಲೋಹಿತಾ ಅಪ್ಪನ ಮುಖ ನೋಡಿದಳು.

“ಊಂ ನಾಯ್ನಾ” ಎಂದಳು.

ಅವಳು ಕ್ಲಾಸಿನಲ್ಲಿ ಆಡಿದ ಕೊನೆಯ ಮಾತು ಅದು. ಮಾರನೆಯ ದಿನ ಹಾಜರಿ ಕೂಗಿದಾಗ ಮತ್ತೆ ಕೈ ಎತ್ತಿದಳು.

ತಿಮ್ಮರಾಜು ಅವರ ಹತ್ತಿರ ಹೋಗಿ ಇದನ್ನು ಬಿಡಬಾರದು ಸಾರ್ ಅಂದೆ. ಅವರು ಟೀವಿಯ ವೈರು ಸುತ್ತುತ್ತಾ, “ಬುಡಿ ಮೇಡಂ, ನಮ್ ಸ್ಕೂಲ್ ಮಣ್ಣಾದ್ರೂ ಕಾಣ್ತಲ್ಲ” ಎಂದರು. ಅವರಿಗೆ ಅಷ್ಟರಲ್ಲೇ ಹೊಟ್ಟೆ ತುಂಬಿತ್ತು.

ಶನಿವಾರ ಮಧ್ಯಾಹ್ನ ಬಸ್ ಹತ್ತಿ ಮಧುಗಿರಿಗೆ ಹೋದೆ. ರೇಣುಕಪ್ರಸಾದರ ಮನೆ ಬೆಟ್ಟದ ಕಡೆಯ ಬೀದಿಯಲ್ಲಿ. ಹಾಲಿನಲ್ಲಿ ಕೂರಿಸಿ, ಫ್ಯಾನ್ ಹಾಕಿ, “ಅಭಿನಂದನೆಗಳು ಮೇಡಂ” ಎಂದರು. ನಾಚಿಕೆ ಎನ್ನುವುದು ಆ ಮುಖದ ಹತ್ತಿರಕ್ಕೂ ಸುಳಿದಿರಲಿಲ್ಲ.

“ಆ ಹುಡುಗಿ ಮಾತು ಯಾಕೆ ತೆಗೆದ್ರಿ?” ಎಂದೆ.

“ನೋಡಿ ಮೇಡಂ, ಅದು ನಮ್ಮ ಕೊರಟಗೆರೆ ಮಕ್ಕಳಿಗೆ ಅರ್ಥ ಆಗುತ್ತಾ? ಗುಂಟ, ಮಟ್ಟಿ... ಮೇಲಿನವರು ಕೇಳಿದ್ರೆ ಏನಂತಾರೆ? ಕನ್ನಡ ಮಾಧ್ಯಮದ ಪಾಠದಲ್ಲಿ ತೆಲುಗು ಬಂದಿದೆ ಅಂತ ಪೇಪರ್‌ನೋರು ಬರೀತಾರೆ.”

“ಮುಟ್ಟಬೇಡಿ ಅಂತ ಹೇಳಿದ್ದೆ. ನೀವು ಆಯ್ತು ಅಂದಿದ್ರಿ.”

ಅವರು ನಕ್ಕರು.

“ಮುಕ್ತ ಸಂಪನ್ಮೂಲ ಅಂದ್ರೆ ಏನು ಮೇಡಂ? ಯಾರು ಬೇಕಾದ್ರೂ ತಿದ್ದಬಹುದು. ಅಪ್‌ಲೋಡ್ ಮಾಡೋವಾಗ ಒಪ್ಪಿಗೆ ಅಂತ ಟಿಕ್ ಹಾಕಿದ್ದು ನೀವೇ ತಾನೆ? ನಾನು ಮಾಡಿದ್ದೆಲ್ಲ ನಿಯಮದೊಳಗೇ ಇದೆ.”

“ಹೆಸರು ಉಳಿಸಬೇಕು ಅಂತಲೂ ಅದೇ ನಿಯಮದಲ್ಲಿ ಇತ್ತಲ್ಲ ಸಾರ್. ಲೋಹಿತಾ ಹೆಸರು ಎಲ್ಲಿ?”

“ಮಗು ಮೈನರ್ರು ಮೇಡಂ. ಪ್ರೈವೆಸಿ ಬರುತ್ತೆ.”

“ನಿಮ್ಮ ಮಗಳು ಮೇಜರ್ರಾ?”

ಕಾಫಿ ತರುತ್ತೇನೆ ಎಂದು ಎದ್ದರು. ಬಾಗಿಲಲ್ಲಿ ಭವ್ಯ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು ಎಂದು ಕಾಣುತ್ತದೆ. ಕೆಂಪಗಾಗಿದ್ದಳು. “ಆಂಟಿ, ಅವಳು ಹೇಳಿದ್ದು ನಾನು ಕೇಳಿದ್ದೆ. ನನಗೆ ಮೈನಸ್ಸು ಅರ್ಥ ಆಗಿದ್ದೇ ಆವಾಗ. ಅಪ್ಪ ಇದನ್ನ ಓದು ಅಂತ ಹಾಳೆ ಕೊಟ್ರು” ಎಂದಳು. ಆ ಮಗುವಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಂದು ಮಗುವಿನ ಬಾಯಿ ಹೊಲಿದು, ಇನ್ನೊಂದರ ಬಾಯಿಗೆ ಹಾಳೆ ತುರುಕಿ, ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುತ್ತಾ ಬಂದರಲ್ಲ ಆ ಮನುಷ್ಯ, ಅವರ ಮೇಲೆ ಬಂದದ್ದು ಸಿಟ್ಟೂ ಅಲ್ಲ, ಬರೀ ಅಸಹ್ಯ. ಅಂಗೈಗೆ ಏನೋ ಅಂಟಿದ ಹಾಗೆ. ಕಾಫಿ ಮುಟ್ಟದೆ ಎದ್ದು ಬಂದೆ. ಹಿಂದಿನಿಂದ “ನಿಮಗೂ ಒಂದು ಪ್ರಮಾಣಪತ್ರ ಮಾಡಿಸ್ತಿದ್ದೀನಿ ಮೇಡಂ” ಎಂದು ಕೇಳಿಸಿತು. ಥೂ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಯಾರು ಬೇಕಾದರೂ ತಿದ್ದಬಹುದು ಎಂದರೆ ನಾನೂ ತಿದ್ದಬಹುದು. ಮೂಲ ವಿಡಿಯೊ ನನ್ನ ಫೋನಿನಲ್ಲೇ ಇದೆ. ಲೋಹಿತಾಳ ಮಾತು ವಾಪಸ್ ಕೂರಿಸಿ, ಕೆಳಗೆ ಕನ್ನಡದ ಸಾಲು ಬರೆದು, ಅವಳ ಹೆಸರನ್ನು ದೊಡ್ಡದಾಗಿ ಹಾಕಿ ಅದೇ ಬುತ್ತಿಗೆ ಏರಿಸುತ್ತೇನೆ. ಯಾವ ನಿಯಮ ನನ್ನನ್ನು ತಡೆಯುತ್ತದೆ ನೋಡೋಣ. ಭಾನುವಾರ ಪೂರ್ತಿ ಕೂತು ಸಿದ್ಧ ಮಾಡಿದೆ. ಗುಂಟ, ಮಟ್ಟಿ, ಮಂಕರಿ, ಎಲ್ಲ ಇದ್ದ ಹಾಗೇ. ಕೇಳಿದಷ್ಟೂ ಚೆಂದ. ಒಂದು ಬಟನ್ ಒತ್ತುವುದು ಬಾಕಿ.

ಒತ್ತಲಿಲ್ಲ. ಕೇಳದೆ ಒತ್ತಿದರೆ ನನಗೂ ಆ ರೇಣುಕಪ್ರಸಾದರಿಗೂ ಏನು ವ್ಯತ್ಯಾಸ? ಸೋಮವಾರ ಊಟದ ಬಿಡುವಿನಲ್ಲಿ ಲೋಹಿತಾಳನ್ನು ಕರೆದು ಫೋನು ಕೊಟ್ಟೆ. ತನ್ನ ಮಾತನ್ನು ತಾನೇ ಕೇಳಿದಳು. ಪೂರ್ತಿ ಕೇಳಲಿಲ್ಲ, ನಡುವೆಯೇ ನಿಲ್ಲಿಸಿದಳು. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು, ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು.

“ಬ್ಯಾಡ ಮಿಸ್. ಆ ಗೊಂತು ನಂದೇ ಅನ್ಕೊಂಡವ್ರೆ ನಾಯ್ನ. ಕೆಲ್ಸದ ತಾವ ಎಲ್ರಿಗೂ ತೋರ್ಸವ್ರೆ. ಇದು ಬಂದ್ರೆ ಗೊತ್ತಾಗ್ಬುಡ್ತದೆ.”

“ಗೊತ್ತಾಗ್ಲಿ ಕಣೇ. ಇದಲ್ವಾ ನಿನ್ನ ದನಿ?”

“ಅದೇ ಚೆನ್ನಾಗೈತೆ ಮಿಸ್” ಎಂದಳು. “ಇದನ್ನ ಅಳಿಸ್ಬುಡಿ.”

ಅಳಿಸಲೂ ಇಲ್ಲ, ಹಾಕಲೂ ಇಲ್ಲ. ಜಾಲತಾಣದಲ್ಲಿ ಭವ್ಯಳ ದನಿಯ ವಿಡಿಯೊವನ್ನು ನಾಲ್ಕು ತಾಲ್ಲೂಕಿನವರು ಎತ್ತಿಕೊಂಡು ತಮ್ಮ ತಮ್ಮ ಫೋಟೊ ಅಂಟಿಸಿ ಹಂಚುತ್ತಿದ್ದರು. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಅದೇ ಬರುತ್ತಿತ್ತು, ಗುಲಾಬಿ ಸಮೇತ. ನೋಡಿ ನೋಡಿ ಸಾಕಾಗಿ ಗುಂಪಿನಿಂದ ಹೊರಗೆ ಬಂದೆ.

ಮೊನ್ನೆ ಪರೀಕ್ಷೆಗೆ ಮುಂಚೆ ಪುನರಾವರ್ತನೆ ಇಟ್ಟಿದ್ದೆ. ನಾಲ್ಕರಲ್ಲಿ ಮೈನಸ್ ಎರಡು ಕಳೆಯಿರಿ, ಯಾರಾದರೂ ಬಂದು ವಿವರಿಸಿ ಎಂದೆ. ಯಾರೂ ಏಳಲಿಲ್ಲ. ಲೋಹಿತಾ ಎದ್ದಳು. ಬಂದಳಲ್ಲ, ಸದ್ಯ ಬಾಯಿ ಬಿಡುತ್ತಾಳಲ್ಲ ಎಂದುಕೊಂಡೆ. ಬೋರ್ಡಿನ ಮೇಲೆ ನಾಲ್ಕು ಗುಡ್ಡೆ ಬರೆದಳು, ಪಕ್ಕದಲ್ಲಿ ಎರಡು ಗುಂಡಿ. ಆಮೇಲೆ ತಿರುಗಿ, ಬೆರಳಿನಿಂದ ಶೃತಿಯನ್ನು ಕರೆದಳು. ಶೃತಿಯ ಮನೆಯಲ್ಲಿ ಕನ್ನಡ. ಅವಳು ಏನೂ ಕೇಳದೆ ಎದ್ದು ಬಂದು, ಬೋರ್ಡಿನ ಪಕ್ಕ ಕೈ ಕಟ್ಟಿ ನಿಂತಳು.

“ಪ್ರಿಯ ವಿದ್ಯಾರ್ಥಿಗಳೇ, ಇಲ್ಲಿ ಕಾಣುತ್ತಿರುವ ತಗ್ಗನ್ನು ಋಣ ಪೂರ್ಣಾಂಕವೆಂದು ಭಾವಿಸೋಣ” ಎಂದು ಶುರು ಮಾಡಿದಳು.

ಲೋಹಿತಾಳ ಕೈ ಅವಳ ಮಾತಿನ ಜೊತೆಗೇ ಆಡಿತು. ಶೃತಿ ಎಲ್ಲಾದರೂ ತಡವರಿಸಿದರೆ ಕೈಯೂ ಅಲ್ಲೇ ನಿಂತು ಕಾಯುತ್ತಿತ್ತು. ಯಾರೂ ನಗಲಿಲ್ಲ. ಇಡೀ ಕ್ಲಾಸು ಶ್ರದ್ಧೆಯಿಂದ ನೋಡುತ್ತಿತ್ತು, ಲೆಕ್ಕ ವಿವರಿಸುವುದು ಎಂದರೆ ಇದೇ ರೀತಿ ಎಂಬ ಹಾಗೆ. ಉತ್ತರ ಆರು. ಸರಿಯಾಗಿಯೇ ಇತ್ತು. ಇಬ್ಬರೂ ನನ್ನ ಕಡೆ ತಿರುಗಿ, ನಾನು ‘ಗುಡ್’ ಎನ್ನಲೆಂದು ಕಾಯುತ್ತಾ ನಿಂತರು.